ಕಿಟಕಿಯ ಆಚೆಗಿನ ಕಣ್ಣು

ಪುತ್ತೂರಿನಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಕುಂಬ್ರ ದಾಟಿದ ಮೇಲೆ ಅಲ್ಲಲ್ಲಿ ರಬ್ಬರ್ ತೋಟಗಳು ಕಾಣಿಸತೊಡಗುತ್ತವೆ. ಸಾಲು ತಪ್ಪದ ಮರಗಳು, ಓರೆಯಾಗಿ ಗೀರಿದ ತೊಗಟೆ, ಹಾಲು ಇಳಿಯಲು ಕಟ್ಟಿದ ಗೆರಟೆ. ಪುತ್ತೂರು ಕಡೆಯ ಕೌಡಿಚ್ಚಾರು, ಸುಳ್ಯ ಕಡೆಯ ಮೇದಿನಡ್ಕ, ಐವರ್ನಾಡು, ಕಡಬ ಕಡೆಯ ಐತ್ತೂರು - ಇಂಥ ಊರುಗಳ ಆಸುಪಾಸಿನಲ್ಲಿ ಪುಟ್ಟ ಪುಟ್ಟ ಮನೆಗಳ ಸಾಲುಗಳಿವೆ. ನಮ್ಮ ಕಡೆ ಅವನ್ನು ಸಿ.ಆರ್.ಸಿ. ಕಾಲನಿ ಎನ್ನುತ್ತಾರೆ, ಸಿಲೋನಿನಿಂದ ಮರಳಿದವರ ಕೇರಿ. ಪತ್ರಿಕೆಗಳು ಇಂದಿಗೂ ಅವರನ್ನು 'ಲಂಕಾ ನಿರಾಶ್ರಿತರು' ಎಂದೇ ಬರೆಯುತ್ತವೆ. ಆದರೆ ಅವರು ನಿರಾಶ್ರಿತರಾಗಿ ಬಂದವರಲ್ಲ. ಭಾರತದ ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದುಕೊಂಡು, ಭಾರತದ ಪೌರರಾಗಿ ರಾಮೇಶ್ವರದ ದಡಕ್ಕೆ ಇಳಿದವರು.

2025ರ ಸೆಪ್ಟೆಂಬರ್ 1ರಂದು ನಮ್ಮ ದೇಶದಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂತು. ಅದನ್ನು ಓದುತ್ತಾ ಹೋದಂತೆ ನನಗೆ ಮೊದಲು ನೆನಪಾದದ್ದು ಈ ಕಾಲನಿಗಳು. ಮನುಷ್ಯನೊಬ್ಬ ಸ್ವದೇಶಿಯೋ ಪರದೇಶಿಯೋ ಎಂಬುದನ್ನು ಅವನ ಮುಖ ಹೇಳುವುದಿಲ್ಲ, ಮಾತು ಹೇಳುವುದಿಲ್ಲ. ಕಿಟಕಿಯ ಆಚೆ ಕುಳಿತ ಒಬ್ಬ ಅಧಿಕಾರಿ ಹೇಳುತ್ತಾನೆ. ಆ ಅಧಿಕಾರಿ ಯಾವ ಇಲಾಖೆಯ ಸೂರಿನಡಿ ಕುಳಿತಿದ್ದಾನೆ ಎಂಬುದರ ಮೇಲೆ ಅವನ ಕಣ್ಣಿಗೆ ನಾವು ಕಾಣುವ ಬಗೆಯೂ ಬದಲಾಗುತ್ತದೆ. ಈ ಮಾತನ್ನು ಅರಿಯಲು ದೆಹಲಿಗೆ ಹೋಗಬೇಕಾಗಿಲ್ಲ. ನಮ್ಮ ಮೂರು ತಾಲೂಕುಗಳಲ್ಲೇ ಅದಕ್ಕೆ ಬೇಕಾದಷ್ಟು ಸಾಕ್ಷಿಗಳಿವೆ.

ಸಿಲೋನಿನವರ ಕಥೆ ಸರಳವಾಗಿದೆ, ಅದಕ್ಕೇ ಭಯಾನಕವೂ ಆಗಿದೆ. ಬ್ರಿಟಿಷರ ಕಾಲದಲ್ಲಿ ತಮಿಳು ನಾಡಿನ ಹಳ್ಳಿಗಳಿಂದ ಕಾಫಿ ಮತ್ತು ಚಹಾ ತೋಟಗಳಿಗೆಂದು ಕರೆದೊಯ್ಯಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ಅವರು. ಲಂಕೆ ಸ್ವತಂತ್ರವಾದ 1948ರಲ್ಲೇ ಅಲ್ಲಿನ ಸಂಸತ್ತು ಪೌರತ್ವದ ಕಾನೂನೊಂದನ್ನು ಮಾಡಿತು. ಅಪ್ಪ ಅಥವಾ ಅಜ್ಜ ಅಲ್ಲೇ ಹುಟ್ಟಿದ್ದಕ್ಕೆ ಕಾಗದ ತೋರಿಸಬೇಕಿತ್ತು. ತೋಟದ ಕೂಲಿಯ ಬಳಿ ಅಜ್ಜನ ಜನನದ ಕಾಗದ ಎಲ್ಲಿಂದ ಬರಬೇಕು? ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು. ಅವರು ನಿಂತ ನೆಲ ಅಲುಗಲಿಲ್ಲ, ಮಾಡುವ ಕೆಲಸ ಬದಲಾಗಲಿಲ್ಲ. ಬದಲಾದದ್ದು ಕಾನೂನಿನ ಒಂದು ಸಾಲು.

1964ರ ಅಕ್ಟೋಬರ್ 30ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9 ಲಕ್ಷ 75 ಸಾವಿರ ಜನ ಎಂದು ಲೆಕ್ಕ ಹಿಡಿದು, 5 ಲಕ್ಷ 25 ಸಾವಿರ ಜನರನ್ನು ಭಾರತಕ್ಕೆ, 3 ಲಕ್ಷ ಜನರನ್ನು ಲಂಕೆಗೆ ಎಂದು ಹಂಚಿಕೊಂಡರು. ಉಳಿದ ಒಂದೂವರೆ ಲಕ್ಷ ಜನರನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅರ್ಧರ್ಧ ಪಾಲು ಮಾಡಿಕೊಳ್ಳಲಾಯಿತು. ಅಣ್ಣತಮ್ಮಂದಿರು ಅಡಿಕೆ ತೋಟ ಪಾಲು ಮಾಡಿಕೊಂಡಂತೆ ಎರಡು ಸರಕಾರಗಳು ಮನುಷ್ಯರನ್ನು ಪಾಲು ಮಾಡಿಕೊಂಡವು. ಹೀಗೆ ಭಾರತದ ಪಾಲಿಗೆ ಬಂದವರು ಮಂಡಪಂ ಶಿಬಿರಕ್ಕೆ ಬಂದು, 'ಫ್ಯಾಮಿಲಿ ಕಾರ್ಡ್' ಎಂಬ ಕಾಗದವನ್ನು ಪಡೆದು, ಕೆಲಸ ಇದ್ದ ಕಡೆಗೆ ಚದುರಿದರು. ಪುತ್ತೂರು ಸುಳ್ಯದ ಕಾಡುಗಳ ನಡುವೆ ರಬ್ಬರ್ ಬೆಳೆಯುತ್ತಿತ್ತು. 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮಕ್ಕೆ ಟ್ಯಾಪಿಂಗ್ ಮಾಡುವ ಕೈಗಳು ಬೇಕಿದ್ದವು. ಅವರು ಇಲ್ಲಿಗೆ ಬಂದರು.

ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕಲಿತು ಐದಕ್ಕೆ ಕನ್ನಡ ಶಾಲೆಗೆ ಸೇರಿದಾಗ ನನ್ನ ಬೆಂಚಿನಲ್ಲಿ ಕುಳಿತವನು ಆ ಕಾಲನಿಯ ಹುಡುಗ. ನನಗೆ ಕನ್ನಡದ ಒತ್ತಕ್ಷರ ತೊಡರುತ್ತಿತ್ತು, ಅವನಿಗೆ ಮಹಾಪ್ರಾಣ ತೊಡರುತ್ತಿತ್ತು. ಇಬ್ಬರೂ ತುಳುವಿನಲ್ಲಿ ಆಡಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಅವನ ಅಮ್ಮ ಬೆಳಕು ಹರಿಯುವ ಮೊದಲೇ ಹಣೆಗೆ ಬ್ಯಾಟರಿ ಕಟ್ಟಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಬಿಸಿಲೇರಿದರೆ ರಬ್ಬರಿನ ಹಾಲು ಬೇಗ ನಿಲ್ಲುತ್ತದೆ. ಒಂದು ರಜೆಯ ದಿನ ನಾನು ಅವರ ಮನೆಗೆ ಹೋದಾಗ ಅವರು ತಗಡಿನ ಪೆಟ್ಟಿಗೆಯಿಂದ ಆ ಫ್ಯಾಮಿಲಿ ಕಾರ್ಡನ್ನು ತೆಗೆದು ತೋರಿಸಿದ್ದರು. ಮಡಿಕೆಗಳಲ್ಲಿ ಹರಿದುಹೋಗಿತ್ತು. ಹಿಂದಿನಿಂದ ಬಟ್ಟೆ ಅಂಟಿಸಿದ್ದರು. "ಅಲ್ಲಿ ನಮ್ಮನ್ನು ಇಂಡಿಯಾದವರು ಅಂತ ಕಳಿಸಿದರು ಮಗ, ಇಲ್ಲಿ ಸಿಲೋನಿನವರು ಅಂತ ಕರೀತಾರೆ" ಎಂದಿದ್ದರು. ದೂರುವ ಧ್ವನಿಯಲ್ಲಲ್ಲ. ಮಳೆ ಬರುತ್ತದೆ ಎನ್ನುವ ಹಾಗೆ.

ಆ ಗೆಳೆಯ ಎಸ್.ಎಸ್.ಎಲ್.ಸಿ. ಮುಗಿಸಿದ ಮೇಲೆ ಜಾತಿ ಪ್ರಮಾಣಪತ್ರಕ್ಕಾಗಿ ಒಂದು ಕಚೇರಿಗೆ ಅಲೆಯತೊಡಗಿದ. ನಿಮ್ಮ ಮೂಲ ಇಲ್ಲಿಯದಲ್ಲ ಎಂಬ ಉತ್ತರ. ತಮಿಳುನಾಡಿಗೆ ಹೋಗಿ ಕೇಳಿದರೆ, ನೀವು ಈಗ ಇಲ್ಲಿಲ್ಲವಲ್ಲ ಎಂಬ ಉತ್ತರ. ಪೌರತ್ವ ಇತ್ತು, ಮತ ಇತ್ತು, ಕೆಲಸ ಇತ್ತು. ಆದರೆ ಒಂದೊಂದು ಕಿಟಕಿಯ ಮುಂದೆಯೂ ತಾನು ಯಾರು ಎಂಬುದನ್ನು ಅವನು ಮತ್ತೆ ಮೊದಲಿನಿಂದ ಹೇಳಬೇಕಿತ್ತು. ಈ ಜನ ಜಾತಿ ಪತ್ರಕ್ಕಾಗಿ ದಶಕಗಳ ಕಾಲ ಮನವಿ ಸಲ್ಲಿಸುತ್ತಲೇ ಬಂದದ್ದು ನಮ್ಮ ಜಿಲ್ಲೆಯ ಎಲ್ಲರಿಗೂ ಗೊತ್ತಿರುವ ಸಂಗತಿ.

ಇಷ್ಟಾದರೂ ಅವರ ಕಥೆಯಲ್ಲಿ ಒಂದು ದೊಡ್ಡ ಸಮಾಧಾನವಿದೆ. ಅವರು ಬಂದಾಗ ಎದುರುಗೊಂಡದ್ದು ಪೊಲೀಸ್ ಠಾಣೆಯಲ್ಲ, ಪುನರ್ವಸತಿ ಇಲಾಖೆ. ಅವರ ಕೈಗೆ ಸಿಕ್ಕಿದ್ದು ನೋಟೀಸಲ್ಲ, ರಬ್ಬರ್ ಗೀರುವ ಉಳಿ. ಸಂಬಳ ಕಡಿಮೆ, ಮನೆ ಚಿಕ್ಕದು, ಹಾಜರಿ ಪುಸ್ತಕ ಬಿಗಿ - ಎಲ್ಲ ನಿಜ. ಆದರೆ ಆ ಕಿಟಕಿಯ ಕಣ್ಣು ಅವರನ್ನು ಕಂಡದ್ದು ಕೆಲಸಗಾರರನ್ನಾಗಿ.

ನಮ್ಮ ಮನೆಯಲ್ಲೂ ಒಂದು ಕಾಗದ ಇತ್ತು. ಅಬ್ಬಾನ ಪಾಸ್‌ಪೋರ್ಟು. ಅಮ್ಮಿ ಅದನ್ನು ಕುರ್‌ಆನ್ ಸುತ್ತಿಡುವ ಜುಜ್‌ದಾನಿನ ಹಳೆಯ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಅರೆಯಲ್ಲಿ ಇಡುತ್ತಿದ್ದರು. ಅಬ್ಬಾ ಎಂಬತ್ತರ ದಶಕದಲ್ಲಿ ಬಡಗಿ ಕೆಲಸಕ್ಕೆ ದಮ್ಮಾಮಿಗೆ ಹೋದವರು. ಆಗ ಮಂಗಳೂರಿನಿಂದ ಕೊಲ್ಲಿಗೆ ವಿಮಾನವಿರಲಿಲ್ಲ. ಅದು ಶುರುವಾದದ್ದು 2006ರಲ್ಲಿ. ಬಸ್ಸಿನಲ್ಲಿ ಮುಂಬಯಿಗೆ ಹೋಗಿ, ಮುಸಾಫಿರ್‌ಖಾನೆಯಲ್ಲಿ ದಿನಗಟ್ಟಲೆ ಕಾದು, 'ಎಮಿಗ್ರೇಶನ್ ಹೊಡೆಸಿ' ವಿಮಾನ ಹತ್ತಬೇಕಿತ್ತು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಆ ಮೊಹರು ಇಲ್ಲದೆ ಕೊಲ್ಲಿಗೆ ಹೋಗುವಂತಿರಲಿಲ್ಲ. ಇಂದಿಗೂ ಕೊಲ್ಲಿ ರಾಷ್ಟ್ರಗಳು ಸೇರಿ 18 ದೇಶಗಳಿಗೆ ದುಡಿಯಲು ಹೋಗುವ ಅಂಥವರಿಗೆ ಅದು ಬೇಕೇಬೇಕು.

ಅಬ್ಬಾ ಆ ಕಚೇರಿಯನ್ನು ಬೈಯುತ್ತಿದ್ದರು. ಸರತಿಯಲ್ಲಿ ನಿಲ್ಲಿಸುತ್ತಾರೆ, ಏಜೆಂಟ್ ದುಡ್ಡು ತಿನ್ನುತ್ತಾನೆ, ಓದಿದವನಿಗೆ ಒಂದು ದಾರಿ ಓದದವನಿಗೆ ಇನ್ನೊಂದು ದಾರಿ. ಅವರ ಮಾತು ಸುಳ್ಳಲ್ಲ. ಆದರೆ ಆ ಮೊಹರಿನ ಹಿಂದೆ ಇದ್ದ 1983ರ ಎಮಿಗ್ರೇಶನ್ ಕಾಯ್ದೆಯ ಉದ್ದೇಶವನ್ನು ಬಹಳ ವರ್ಷಗಳ ನಂತರ ಓದಿದಾಗ ನನಗೆ ಆಶ್ಚರ್ಯವಾಯಿತು. ಆ ಅಧಿಕಾರಿಯ ಹೆಸರೇ 'ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್' - ವಲಸೆ ಹೋಗುವವರ ರಕ್ಷಕ. ಸಂಬಳ ಎಷ್ಟು, ಕರಾರು ಏನು, ಕರೆಸಿಕೊಳ್ಳುವವನು ನಂಬಿಗಸ್ತನೇ ಎಂದು ನೋಡುವುದು ಅವನ ಕೆಲಸ. ಆ ಕಚೇರಿ ಅಂದು ಇದ್ದದ್ದು ಕಾರ್ಮಿಕ ಸಚಿವಾಲಯದಡಿ. 2004ರಲ್ಲಿ ಸಾಗರೋತ್ತರ ಭಾರತೀಯರಿಗಾಗಿ ಹೊಸ ಸಚಿವಾಲಯ ಹುಟ್ಟಿದಾಗ ಅದರ ಕೈಗೆ ಹೋಯಿತು. 2016ರಲ್ಲಿ ಆ ಸಚಿವಾಲಯವೇ ವಿದೇಶಾಂಗ ಸಚಿವಾಲಯದಲ್ಲಿ ಲೀನವಾಯಿತು. ಕಿಟಕಿ ಒಂದೇ, ಸೂರು ಮೂರು. ಹೋಗುವವನನ್ನು ಮೊದಲು ಕಾರ್ಮಿಕ ಎಂದು, ಆಮೇಲೆ ಹೊರನಾಡಿನ ಬಂಧು ಎಂದು, ಕೊನೆಗೆ ವಿದೇಶಾಂಗ ವ್ಯವಹಾರದ ಒಂದು ಕಡತ ಎಂದು ಅದು ಕಂಡಿತು.

ವಿಮಾನ ನಿಲ್ದಾಣದಲ್ಲಿ ಇನ್ನೊಂದು ಕಿಟಕಿಯಿದೆ. ಪಾಸ್‌ಪೋರ್ಟು ನೋಡಿ ಮುಖ ನೋಡಿ ಮೊಹರು ಒತ್ತುವ ಕಿಟಕಿ. ಅದು ಬ್ಯೂರೋ ಆಫ್ ಇಮಿಗ್ರೇಶನ್ನಿನದು. 1971ರಿಂದಲೂ ಗೃಹ ಸಚಿವಾಲಯದ ಗುಪ್ತಚರ ವಿಭಾಗದ ಆಶ್ರಯದಲ್ಲಿ ನಡೆದುಬಂದ ಸಂಸ್ಥೆ. 2025ರ ಕಾಯ್ದೆ ಅದಕ್ಕೆ ಸಂಸತ್ತಿನ ಕಾನೂನಿನಲ್ಲೇ ಜಾಗ ಕೊಟ್ಟಿತು. 1920ರ ಪಾಸ್‌ಪೋರ್ಟ್ ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ, 2000ದ ವಾಹಕರ ಹೊಣೆಗಾರಿಕೆ ಕಾಯ್ದೆ - ಈ ನಾಲ್ಕನ್ನೂ ರದ್ದು ಮಾಡಿ ಒಂದೇ ಕಾನೂನು ತರಲಾಯಿತು. ಬ್ರಿಟಿಷರು ಯುದ್ಧದ ಭಯದಲ್ಲಿ ಮಾಡಿದ ಹಳೆಯ ಕಾನೂನುಗಳನ್ನು ತೆಗೆದುಹಾಕಿದ್ದು ಒಳ್ಳೆಯದೇ. ಕಾನೂನಿನ ಹೆಸರಿಲ್ಲದೆ ಅಧಿಕಾರ ನಡೆಸುತ್ತಿದ್ದ ಸಂಸ್ಥೆಗೆ ಕಾನೂನಿನ ಚೌಕಟ್ಟು ಬಂದದ್ದೂ ಒಳ್ಳೆಯದೇ. ಕಳ್ಳ ಪಾಸ್‌ಪೋರ್ಟು ಮಾಡಿಸಿ ಬಡವರನ್ನು ಸಾಗಿಸುವ ದಲ್ಲಾಳಿಗೆ 2ರಿಂದ 7 ವರ್ಷ ಜೈಲು ಎಂದರೆ ಅದನ್ನು ಬೇಡ ಎನ್ನುವವರು ಯಾರು?

ಆದರೆ ಹಳೆಯ ಮನೆ ಕೆಡವಿ ಹೊಸ ಮನೆ ಕಟ್ಟುವಾಗ ಹಳೆಯ ಹೊಸ್ತಿಲನ್ನೇ ತಂದು ಇಟ್ಟ ಹಾಗೆ, 1946ರ ಕಾಯ್ದೆಯ ಒಂಬತ್ತನೆಯ ಸೆಕ್ಷನಿನ ತಿರುಳು ಹೊಸ ಕಾನೂನಿನಲ್ಲೂ ಉಳಿದುಕೊಂಡಿದೆ. ಒಬ್ಬ ವಿದೇಶಿ ಹೌದೋ ಅಲ್ಲವೋ ಎಂಬ ಪ್ರಶ್ನೆ ಎದ್ದರೆ, ಅಲ್ಲ ಎಂದು ಸಾಬೀತು ಮಾಡುವ ಹೊರೆ ಅವನ ಮೇಲೆಯೇ. ಕಳವಿನ ಮೊಕದ್ದಮೆಯಲ್ಲಿ ಕದ್ದನೆಂದು ಪೊಲೀಸರು ತೋರಿಸಬೇಕು. ಇಲ್ಲಿ ನಾನು ಈ ದೇಶದವನು ಎಂದು ನಾನೇ ತೋರಿಸಬೇಕು. ಹೆಡ್ ಕಾನ್‌ಸ್ಟೇಬಲ್ ದರ್ಜೆಯ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ದೇಶದೊಳಕ್ಕೆ ಬಿಡಬೇಕೋ ಬೇಡವೋ ಎಂಬ ವಿಚಾರದಲ್ಲಿ ಇಮಿಗ್ರೇಶನ್ ಅಧಿಕಾರಿಯ ತೀರ್ಮಾನವೇ ಅಂತಿಮ; ಮೇಲ್ಮನವಿ ಕೇಳುವ ಪೀಠವೊಂದನ್ನು ಕಾನೂನು ಕಟ್ಟಿಲ್ಲ. 2025ರ ಮಾರ್ಚ್ 27ರಂದು ಲೋಕಸಭೆಯಲ್ಲಿ ಈ ಮಸೂದೆಗೆ ಉತ್ತರ ಕೊಡುತ್ತಾ ಗೃಹ ಸಚಿವ ಅಮಿತ್ ಶಾ ಅವರು ಈ ದೇಶ ಧರ್ಮಶಾಲೆಯಲ್ಲ ಎಂದರು. ಸರಿ, ದೇಶ ಧರ್ಮಶಾಲೆಯಲ್ಲದಿರಬಹುದು. ಆದರೆ ಮನೆಯವರನ್ನೇ ಬಾಗಿಲಲ್ಲಿ ನಿಲ್ಲಿಸಿ ನೀನು ಯಾರು ಎಂದು ಕೇಳುವ ಮನೆಯೂ ಆಗಬಾರದಲ್ಲವೇ?

ಕಾನೂನು ಜಾರಿಯಾದ ಬೆನ್ನಿಗೇ ವಿನಾಯಿತಿಯ ಆದೇಶವೊಂದು ಹೊರಬಂತು. 2015ರ ಜನವರಿ 9ರವರೆಗೆ ಬಂದು ನೋಂದಾಯಿಸಿಕೊಂಡ ಲಂಕೆಯ ತಮಿಳರಿಗೆ ಕಾಗದವಿಲ್ಲದ ತಪ್ಪಿಗೆ ಶಿಕ್ಷೆಯಿಲ್ಲ. ಅವರು ನಮ್ಮ ಕಾಲನಿಯವರಲ್ಲ. 1983ರ ನಂತರದ ಯುದ್ಧಕ್ಕೆ ಹೆದರಿ ಓಡಿಬಂದು ತಮಿಳುನಾಡಿನ ಶಿಬಿರಗಳಲ್ಲಿ ನೆಲೆಸಿದವರು. ಈ ವಿನಾಯಿತಿಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ ಮತದ ಕಾರಣಕ್ಕೆ ಕಿರುಕುಳಕ್ಕೊಳಗಾಗಿ 2024ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೂ ವಿನಾಯಿತಿಯಿದೆ. ಅವರಿಗೂ ಸಿಗಲಿ. ಆದರೆ ಆ ಆರು ಹೆಸರುಗಳನ್ನು ಓದಿದ ನನ್ನ ಮಗಳು ಏಳನೆಯ ಹೆಸರು ಯಾಕಿಲ್ಲ ಎಂದು ಕೇಳಿದಳು. ಕಾಬೂಲಿನ ಹಜಾರಾನಿಗೂ ಬರ್ಮಾದ ರೋಹಿಂಗ್ಯಾನಿಗೂ ಆಗುವುದು ಕಿರುಕುಳವೇ ತಾನೇ ಎಂಬುದು ಅವಳ ಪ್ರಶ್ನೆ. ಸಂತ್ರಸ್ತನ ಗಾಯ ನೋಡುವ ಮೊದಲು ಹೆಸರು ನೋಡುವ ಕಿಟಕಿ ಇದು ಎಂದು ಹದಿಹರೆಯದ ಹುಡುಗಿಗೆ ಹೇಳುವುದು ಸುಲಭವಲ್ಲ.

ಸೂರು ಬದಲಾದರೆ ಕಣ್ಣು ಬದಲಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಉದಾಹರಣೆ ಹೇಳಬಹುದು. ಅಲ್ಲಿ ವಲಸೆಯ ಕೆಲಸ ಮೊದಲು ಕಾರ್ಮಿಕ ಇಲಾಖೆಯಲ್ಲಿತ್ತು. 1940ರಲ್ಲಿ, ಯುದ್ಧದ ನೆರಳಿನಲ್ಲಿ, ಅದನ್ನು ನ್ಯಾಯ ಇಲಾಖೆಗೆ ವರ್ಗಾಯಿಸಿದರು. ಅವಳಿ ಗೋಪುರಗಳು ಉರುಳಿದ ಮರುವರ್ಷ, 2002ರ ನವೆಂಬರ್‌ನಲ್ಲಿ ಒಂದು ಕಾನೂನು ಮಾಡಿ 22 ಸಂಸ್ಥೆಗಳನ್ನು ಒಟ್ಟುಗೂಡಿಸಿ ಆಂತರಿಕ ಭದ್ರತೆಯ ದೊಡ್ಡ ಇಲಾಖೆ ಕಟ್ಟಿದರು. 2003ರ ಮಾರ್ಚ್ 1ರಂದು ಹಳೆಯ ವಲಸೆ ಕಚೇರಿ ಮುಚ್ಚಿ ಮೂರು ಹೋಳಾಯಿತು: ಅರ್ಜಿ ನೋಡುವುದು ಒಂದು, ಗಡಿ ಕಾಯುವುದು ಒಂದು, ಒಳಗಿದ್ದವರನ್ನು ಹಿಡಿದು ಹೊರಗಟ್ಟುವುದು ಇನ್ನೊಂದು. ವೀಸಾ ನವೀಕರಣಕ್ಕೆ ಅರ್ಜಿ ಹಾಕುವ ನಮ್ಮ ಬೆಂಗಳೂರು ಮೈಸೂರಿನ ಇಂಜಿನಿಯರನೂ ಅಂದಿನಿಂದ ಭದ್ರತಾ ಇಲಾಖೆಯ ಬಾಗಿಲನ್ನೇ ತಟ್ಟಬೇಕಾಯಿತು. 2002ರಲ್ಲಿ ಶುರುವಾಗಿ ಆ ಹೊಸ ಇಲಾಖೆಗೆ ಬಳುವಳಿಯಾಗಿ ಬಂದ ವಿಶೇಷ ನೋಂದಣಿಯಲ್ಲಿ 25 ದೇಶಗಳ ಗಂಡಸರು ಬೆರಳಚ್ಚು ಕೊಡಬೇಕಿತ್ತು. ಉತ್ತರ ಕೊರಿಯಾ ಒಂದನ್ನು ಬಿಟ್ಟರೆ ಉಳಿದ 24 ಮುಸ್ಲಿಮರು ಬಹುಸಂಖ್ಯಾತರಾಗಿರುವ ದೇಶಗಳು. 80 ಸಾವಿರಕ್ಕೂ ಹೆಚ್ಚು ಜನ ತಾವಾಗಿಯೇ ಹೋಗಿ ಹೆಸರು ಬರೆಸಿದರು. 13 ಸಾವಿರಕ್ಕೂ ಹೆಚ್ಚು ಜನರ ಮೇಲೆ ಗಡೀಪಾರಿನ ಕ್ರಮ ಶುರುವಾಯಿತು. 2011ರಲ್ಲಿ ಆ ನೋಂದಣಿಯನ್ನು ನಿಲ್ಲಿಸಿ 2016ರಲ್ಲಿ ಪೂರ್ತಿ ಕಿತ್ತುಹಾಕಿದರು. ಕಾನೂನಿಗೆ ತಲೆಬಾಗಿ ಸಾಲಿನಲ್ಲಿ ನಿಂತವನೇ ಮೊದಲು ಸಿಕ್ಕಿಬಿದ್ದ.

ನಮ್ಮಲ್ಲಿ ಕಾಗದಗಳ ಪಾಡು ಹೇಗಿದೆ ಎಂದು ಕಡಬದವರನ್ನು ಕೇಳಬೇಕು. ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ತೆಗೆದು ಕಡಬ ತಾಲೂಕು ಮಾಡಿದರು. ಒಳ್ಳೆಯದಾಯಿತು, ಪಹಣಿಗೆ ಪುತ್ತೂರಿನವರೆಗೆ ಓಡುವುದು ತಪ್ಪಿತು. ಆದರೆ ಈಗ ಮನೆ ಅದೇ, ಬಾವಿ ಅದೇ. ಅಪ್ಪನ ಶಾಲಾ ದಾಖಲೆಯಲ್ಲಿ ಪುತ್ತೂರು ತಾಲೂಕು, ಮಗನ ಆಧಾರಿನಲ್ಲಿ ಕಡಬ ತಾಲೂಕು. ಅಜ್ಜನ ಕಾಗದದಲ್ಲಿ ಮೈಸೂರು ರಾಜ್ಯ. ಕರ್ನಾಟಕ ಎಂದಾದದ್ದು 1973ರಲ್ಲಿ. ಇಂಗ್ಲಿಷಿನಲ್ಲಿ ಮ್ಯಾಂಗಲೋರ್ ಆಗಿದ್ದದ್ದು 2014ರಲ್ಲಿ ಮಂಗಳೂರು ಆಯಿತು. ಊರಿನ ಹೆಸರು ಸರಕಾರ ಬದಲಿಸಿದರೆ ಅದು ಅಧಿಸೂಚನೆ. ಬಡವನ ಹೆಸರಿನ ಒಂದು ಅಕ್ಷರ ಬದಲಾದರೆ ಅದು ಅನುಮಾನ.

ಹೆಸರಿನ ಕಷ್ಟ ನಮಗೆ ಇನ್ನೂ ಹೆಚ್ಚು. ಅಬ್ಬಾನ ಹೆಸರಿನಲ್ಲಿ ಉರ್ದುವಿನ 'ಗೈನ್' ಅಕ್ಷರ ಬರುತ್ತದೆ. ಗಂಟಲಿನ ಆಳದಿಂದ ಬರುವ ಆ ಧ್ವನಿ ಕನ್ನಡದಲ್ಲಿಲ್ಲ. ಶಾಲೆಯ ಮಾಸ್ತರರು ಅದನ್ನು 'ಗ' ಎಂದು ಬರೆದರು. ರೇಶನ್ ಕಾರ್ಡಿನವರು ಇಂಗ್ಲಿಷಿಗೆ ತಂದಾಗ ಬರೀ 'ಜಿ' ಇಟ್ಟರು. ಪಾಸ್‌ಪೋರ್ಟಿನಲ್ಲಿ 'ಜಿ' ಪಕ್ಕ 'ಎಚ್' ಬಂತು. ಬ್ಯಾರಿಗಳ ಹೆಸರಿಗೂ ಅದೇ ಗತಿ: ಮೊಯ್ದಿನ್, ಮೊಯ್ದು, ಮೊಹಿಯುದ್ದೀನ್ - ಮೂರೂ ಒಬ್ಬನೇ. ಮನೆತನದ ಹೆಸರೇ ಇಲ್ಲದ ಒಂಟಿ ಹೆಸರಿನವರು ನಮ್ಮ ಮೂರು ತಾಲೂಕುಗಳಲ್ಲಿ ಎಷ್ಟಿಲ್ಲ? 2022ರ ನವೆಂಬರ್‌ನಿಂದ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದವರಿಗೆ ಯು.ಎ.ಇ. ಪ್ರವಾಸಿ ವೀಸಾ ಕೊಡದಂತಾದಾಗ, ಅಪ್ಪನ ಹೆಸರನ್ನು ಬಾಲಕ್ಕೆ ಸೇರಿಸಿಕೊಳ್ಳಲು ಜನ ಓಡಾಡಿದರು.

ಇದು ತಮಾಷೆಯಾಗಿ ಮುಗಿಯುವ ವಿಷಯವಲ್ಲ. ಅಸ್ಸಾಮಿನ ನಲ್ಬಾರಿ ಜಿಲ್ಲೆಯ ರಹೀಮ್ ಅಲಿ ಎಂಬವರನ್ನು ಟ್ರಿಬ್ಯೂನಲ್ ವಿದೇಶಿ ಎಂದು ಸಾರಿತು. ಅವರ ದಾಖಲೆಗಳಲ್ಲಿ ಹೆಸರಿನ ಕಾಗುಣಿತ, ದಿನಾಂಕ ಹೊಂದುವುದಿಲ್ಲ ಎಂಬುದು ಒಂದು ಕಾರಣ. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಭಾರತೀಯ ಎಂದು ಘೋಷಿಸಿತು. ಕಾಗುಣಿತದ ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಪೌರತ್ವ ಕಸಿಯಬಾರದು, ಕೈಯಲ್ಲಿ ಏನೂ ಆಧಾರವಿಲ್ಲದೆ ಒಬ್ಬನನ್ನು ಕರೆದು ನೀನು ಭಾರತೀಯನೆಂದು ತೋರಿಸು ಎನ್ನಬಾರದು ಎಂದು ಹೇಳಿತು. ತೀರ್ಪು ಕೇಳಲು ರಹೀಮ್ ಅಲಿ ಇರಲಿಲ್ಲ. ಎರಡೂವರೆ ವರ್ಷಗಳ ಹಿಂದೆಯೇ ತೀರಿಕೊಂಡಿದ್ದರು. ಮಣ್ಣಿಗೆ ಇಳಿಸುವಾಗ ಅವರು ವಿದೇಶಿಯಾಗಿಯೇ ಇದ್ದರು.

ನಮ್ಮ ರಾಜ್ಯದಲ್ಲೂ ವಿದೇಶಿಯರನ್ನು ಇರಿಸುವ ಕೇಂದ್ರವೊಂದು ನೆಲಮಂಗಲ ಬಳಿಯ ಸೊಂಡೆಕೊಪ್ಪದಲ್ಲಿ ತೆರೆಯಿತು. ಆ ಕಟ್ಟಡ ಅದಕ್ಕೂ ಮೊದಲು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿತ್ತು. ಗೋಡೆ ಅದೇ, ಹೆಂಚು ಅದೇ. ಮಕ್ಕಳು ಓದಲು ಬರುತ್ತಿದ್ದ ಮನೆಗೆ ಈಗ ಕಾವಲು.

ಅಬ್ಬಾ ಹೋದ ದಾರಿಯ ಕಾನೂನೂ ಬದಲಾಗುವ ಹಂತದಲ್ಲಿದೆ. 1983ರ ಕಾಯ್ದೆಯ ಬದಲಿಗೆ ತರಲಿರುವ ಹೊಸ ಮಸೂದೆಯ ಕರಡನ್ನು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಜನರ ಮುಂದಿಟ್ಟಿತು. ಹೆಸರಿನಲ್ಲಿ 'ವೆಲ್‌ಫೇರ್' ಎಂಬ ಮಾತಿದೆ. ಮಾತಿದ್ದರೆ ಸಾಲದು, ರಕ್ಷಕನ ಕೆಲಸವೂ ಉಳಿಯಬೇಕು. ಬರುವವರ ಕಾನೂನು ಒಂದು ಸಚಿವಾಲಯದ್ದು, ಹೋಗುವವರ ಕಾನೂನು ಇನ್ನೊಂದರದ್ದು ಎಂದು ಸರಕಾರ ಬೇರೆ ಬೇರೆ ಇಟ್ಟಿರಬಹುದು. ಆದರೆ ನಮ್ಮ ಊರುಗಳಲ್ಲಿ ಹೋಗುವವರೂ ಬಂದವರೂ ಬೇರೆಯಲ್ಲ. ಹೋದ ನಮ್ಮ ಅಬ್ಬಾ ದಮ್ಮಾಮಿನಲ್ಲಿ ಪರದೇಶಿ. ಬಂದ ಗೆಳೆಯನ ಅಮ್ಮ ಮೇದಿನಡ್ಕದಲ್ಲಿ ಪರದೇಶಿ. ಅಲ್ಲಿ ನಮ್ಮವರಿಗೆ ಯಾವ ಮರ್ಯಾದೆ ಸಿಗಬೇಕೆಂದು ಬಯಸುತ್ತೇವೋ ಅದನ್ನು ಇಲ್ಲಿಗೆ ಬಂದವರಿಗೆ ಕೊಡಲು ಕಾನೂನು ಕಲಿಯಬೇಕು.

ದೊಡ್ಡ ಬೇಡಿಕೆಗಳೇನೂ ಇಲ್ಲ. ಗಡಿ ಬೇಡ ಎಂದು ಯಾರೂ ಹೇಳುತ್ತಿಲ್ಲ, ಕಾವಲು ಬೇಡ ಎಂದೂ ಅಲ್ಲ. ಒಬ್ಬನನ್ನು ಪರದೇಶಿ ಎನ್ನುವ ಮೊದಲು ಅದಕ್ಕೆ ಕಾರಣವೇನೆಂದು ಬರೆದು ಅವನ ಕೈಗೆ ಕೊಡಲಿ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ. ಕಾಗದ ಹುಡುಕಲು ಸಮಯ ಕೊಡಲಿ, ಬಡವನಾದರೆ ವಕೀಲನನ್ನೂ ಕೊಡಲಿ. ಕಿಟಕಿಯ ಅಧಿಕಾರಿ ತಪ್ಪಿದರೆ ಆಲಿಸಲು ಗೃಹ ಇಲಾಖೆಯ ಸೂರಿನ ಹೊರಗೆ ಒಂದು ಪೀಠ ಇರಲಿ. ಅನುಮಾನ ಸರಕಾರದ್ದಾದರೆ ಸಾಬೀತು ಮಾಡುವ ಹೊರೆಯೂ ಸರಕಾರದ್ದಾಗಲಿ. ಇಷ್ಟನ್ನು ಒಂದು ಪುಟದ ತಿದ್ದುಪಡಿಯಲ್ಲಿ ಬರೆಯಬಹುದು. 1948ರ ಲಂಕೆಯಲ್ಲಿ ಇಷ್ಟು ಇದ್ದಿದ್ದರೆ ಲಕ್ಷಾಂತರ ಜನ ಹುಟ್ಟಿದ ಮನೆಯಲ್ಲೇ ಉಳಿಯುತ್ತಿದ್ದರು.